ಒಂದು ಹಲ್ಲಿಗೆ 500 ರೇಷ್ಮೆ ಹುಳು

ಅಕ್ಕನ ಮಗ ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. "ಚಿಕ್ಕಮ್ಮ, ಫ್ರಿಜ್‌ನಲ್ಲಿಟ್ಟ ಹುಳು ಎಲ್ಲಾ ನೀರಾಗ್ತಿವೆ" ಅಂದ. ನಾನು ಮೊದಲು ಕೇಳಿದ್ದು ಒಂದೇ ಮಾತು: "ಅದರಲ್ಲಿ ಯಾವುದನ್ನಾದ್ರೂ ಗುಂಡನಿಗೆ ಕೊಟ್ಯಾ?" ಇಲ್ಲ ಅಂದ. ಹಾಗಾದರೆ ಉಳಿದದ್ದನ್ನು ಬೆಳಗ್ಗೆ ನೋಡಿದರೂ ನಡೆಯುತ್ತೆ ಅಂತ ಮಲಗಿದೆ.

ಗುಂಡ ಅಂದರೆ ಅವನು ಸಾಕಿರುವ ಬಿಯರ್ಡೆಡ್ ಡ್ರ್ಯಾಗನ್. ಆಸ್ಟ್ರೇಲಿಯಾದ ಒಣ ನೆಲದ ಹಲ್ಲಿ. ಸಿಟ್ಟು ಬಂದಾಗ ಗಂಟಲ ಕೆಳಗಿನ ಮುಳ್ಳುಗಡ್ಡ ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತದೆ. ಈ ಕತೆ ಶುರುವಾದಾಗ ಅದಕ್ಕೆ ಐದು ತಿಂಗಳು, ತೂಕ 130 ಗ್ರಾಂ. ಬೆಳೆಯುವ ವಯಸ್ಸು, ಸೊಪ್ಪಿನ ಜೊತೆಗೆ ದಿನಾ ಹುಳ ಬೇಕೇ ಬೇಕು. ಅಲ್ಲಿಂದ ಸುಮಾರು ಒಂಬತ್ತು ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ತಪ್ಪು ಬರೀ ಅವನದಲ್ಲ, ಒಂದು ದೊಡ್ಡದು ನನ್ನದೂ ಇದೆ. ಅದು ಮುಂದೆ ಬರುತ್ತೆ.

ರೇಷ್ಮೆ ಹುಳುವೇ ಯಾಕೆ

ಅವನು ಮೊದಲು ಕೊಡುತ್ತಿದ್ದದ್ದು ಸೂಪರ್‌ವರ್ಮ್ ಅನ್ನೋ ಜೀರುಂಡೆಯ ಮರಿಹುಳು. ಅದರಲ್ಲಿ ಕೊಬ್ಬು ಜಾಸ್ತಿ, ನೂರಕ್ಕೆ 18ರ ಹತ್ತಿರ. ರೇಷ್ಮೆ ಹುಳುವಿನಲ್ಲಿ ಕೊಬ್ಬು ನೂರಕ್ಕೆ ಒಂದೋ ಒಂದೂವರೆಯೋ ಅಷ್ಟೆ. ಪ್ರೋಟೀನ್ ಸುಮಾರು 9, ಉಳಿದದ್ದು ಬಹುಪಾಲು ನೀರು, 83ರ ಆಸುಪಾಸು. ಮೈ ಮೆತ್ತಗೆ, ಗಟ್ಟಿ ಚಿಪ್ಪಿಲ್ಲ. ಕಚ್ಚಲ್ಲ, ಹಾರಲ್ಲ, ರಾತ್ರಿಯೆಲ್ಲ ಕಿರ್ರೆನ್ನಲ್ಲ, ತಟ್ಟೆ ಬಿಟ್ಟು ಓಡಿಹೋಗಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಬೆಳೆದು ಬಂದ ಹುಳು, ಹೋಗೋದಾದರೂ ಎಲ್ಲಿಗೆ? ಚಿಟ್ಟೆಯಾದ ಮೇಲೂ ಅದಕ್ಕೆ ಹಾರೋಕೆ ಬರಲ್ಲ.

ಎರಡು ಕೊರತೆ ಇದೆ. ನೀರು ಜಾಸ್ತಿ ಇರೋದರಿಂದ ಬರೀ ಇದನ್ನೇ ಕೊಟ್ಟರೆ ಹಲ್ಲಿಯ ಮಲ ತೆಳ್ಳಗಾಗುತ್ತೆ. ಗುಂಡನಿಗೂ ಮೊದಲ ವಾರ ಹಾಗೇ ಆಯಿತು. ದಿನಕ್ಕೆ ಹತ್ತು ಹುಳುವಿಗೆ ನಿಲ್ಲಿಸಿ, ಜಿರಳೆಯನ್ನೂ ಜೊತೆಗೆ ಕೊಟ್ಟ ಮೇಲೆ ಸರಿಹೋಯಿತು. ಇನ್ನೊಂದು ಕ್ಯಾಲ್ಸಿಯಂ. ರೇಷ್ಮೆ ಹುಳುವಿನಲ್ಲಿ ಅದು ಭರ್ತಿಯಾಗಿದೆ ಅನ್ನೋದು ಕೇಳಿಬರುವ ಮಾತು. ನಿಜ ಏನೆಂದರೆ ಫಾಸ್ಫರಸ್ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಹಾಗಾಗಿ ಕ್ಯಾಲ್ಸಿಯಂ ಪುಡಿ ಉದುರಿಸದೆ ಕೊಡಬಾರದು. ಇದರಲ್ಲಿ ಸೆರಾಪೆಪ್ಟೇಸ್ ಅನ್ನೋ ಕಿಣ್ವ ಇದೆ, ಹಲ್ಲಿಯ ಮೂಳೆಗೆ ಔಷಧಿ ಅಂತಲೂ ಹೇಳ್ತಾರೆ. ಆ ಕಿಣ್ವ ತಯಾರಿಸೋದು ಹುಳುವಿನ ಕರುಳಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ, ಹುಳುವಲ್ಲ. ಹುಳುವನ್ನು ಊಟ ಅಂತ ಕೊಡಿ, ಮಾತ್ರೆ ಅಂತ ಬೇಡ.

ಮೊದಲ ಸಾಕಣೆ

500 ಮೊಟ್ಟೆ ತರಿಸಿದ್ದ. 470 ಮರಿ ಎರಡೇ ದಿನದಲ್ಲಿ ಹೊರಬಂದವು. ಮೂರು ಮಿಲಿಮೀಟರಿನ ಕಪ್ಪು ಮರಿಗಳು, ನೋಡಿದರೆ ಯಾರೋ ಹಾಳೆಯ ಮೇಲೆ ಪೆನ್ಸಿಲ್ ಪುಡಿ ಚೆಲ್ಲಿದ ಹಾಗೆ. ಹಿಪ್ಪುನೇರಳೆಯ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿದ. ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

ಈ ಹುಳು ನಾಲ್ಕು ಸಲ ಪೊರೆ ಬಿಡುತ್ತೆ. ರೇಷ್ಮೆ ಬೆಳೆಯುವವರು ಅದನ್ನು ಜ್ವರ ಅಂತಾರೆ. "ಎರಡನೇ ಜ್ವರಕ್ಕೆ ಕೂತಿವೆಯೇನೋ" ಅಂತ ನಾನು ಕೇಳಿದ್ದಕ್ಕೆ ಹುಡುಗ ಗಾಬರಿಯಾಗಿ, "ಔಷಧಿ ಏನು ಹಾಕ್ಲಿ ಚಿಕ್ಕಮ್ಮ?" ಅಂದ. ಏನೂ ಹಾಕಬಾರದು, ಸೊಪ್ಪನ್ನೂ ಹಾಕಬಾರದು. ಜ್ವರಕ್ಕೆ ಕೂತ ಹುಳು ತಲೆ ಎತ್ತಿ, ಮುಂಗಾಲು ಮಡಚಿ, ಒಂದು ದಿನ ಕಲ್ಲಿನ ಹಾಗೆ ಇರುತ್ತೆ. ಮುಟ್ಟಿದರೆ ಪೊರೆ ಸಿಕ್ಕಿಹಾಕಿಕೊಳ್ಳುತ್ತೆ. ಹೀಗೆ ಕೂತವನ್ನು ಸತ್ತಿವೆ ಅಂದುಕೊಂಡು ಅವನು ಆಗಲೇ ಸುಮಾರು ಹುಳು ಎಸೆದುಬಿಟ್ಟಿದ್ದ. ಅದೂ ಇದೂ ಸೇರಿ 40 ಹುಳು ಹೋದವು.

ನಿಜವಾದ ತೊಂದರೆ ಬಂದದ್ದು ಲೆಕ್ಕದಲ್ಲಿ. ಗುಂಡನ ಬಾಯಿಗೆ ಹಿಡಿಸುವ ಗಾತ್ರಕ್ಕೆ ಹುಳು ಬರೋದು ಹತ್ತನೇ ದಿನದ ಮೇಲೆ. ಹಲ್ಲಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಹುಳು ದಪ್ಪ ಇರಬಾರದು, ಇದು ಎಲ್ಲರೂ ಅನುಸರಿಸುವ ಅಳತೆ. 25 ಡಿಗ್ರಿಯ, ಬಿಸಿಲು ಬೀಳದ ಕೋಣೆಯಲ್ಲಿ 25ನೇ ದಿನದ ಹೊತ್ತಿಗೆ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಜಾಗ ಹುಡುಕುತ್ತೆ. ಅಂದರೆ ಕೊಡಲು ಸಿಗೋದು ಹದಿನೈದೇ ದಿನ. ದಿನಕ್ಕೆ ಹತ್ತರ ಲೆಕ್ಕದಲ್ಲಿ 150 ಹುಳು. ಮಿಕ್ಕ ಸುಮಾರು 300 ಹುಳು ಏನು ಮಾಡಬೇಕು?

ಅವಕ್ಕೆ ತಿನ್ನಿಸಬೇಕು. ಒಂದು ಹುಳು ಹುಟ್ಟಿದಾಗಿನಿಂದ ಹಣ್ಣಾಗುವವರೆಗೆ 20 ಗ್ರಾಂ ಮೇಲೆಯೇ ಸೊಪ್ಪು ತಿನ್ನುತ್ತೆ, ಅದರಲ್ಲಿ ನೂರಕ್ಕೆ 85ರಷ್ಟು ಕೊನೆಯ ಒಂದು ವಾರದಲ್ಲಿ. ಮೊದಲ ಎರಡು ವಾರ ಒಂದು ಹಿಡಿ ಸೊಪ್ಪಿನಲ್ಲಿ ಎಲ್ಲಾ ಮುಗಿಯೋದರಿಂದ ಇದು ಯಾರ ಗಮನಕ್ಕೂ ಬರಲ್ಲ. ಆಮೇಲೆ ಒಂದು ಬೆಳಗ್ಗೆ ಎದ್ದರೆ ತಟ್ಟೆಯಿಂದ ಮಳೆ ಹನಿ ಬಿದ್ದಂಥ ಸದ್ದು. ನೂರಾರು ಬಾಯಿ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಅದು. ಹೆಚ್ಚುವರಿ 300 ಹುಳುವಿಗೇ ಐದು ಕೆಜಿ ಮೇಲೆ ಸೊಪ್ಪು ಬೇಕಿತ್ತು. ಅವನಿಗೆ ಇದ್ದದ್ದು ಎದೆಯುದ್ದದ ಒಂದು ಹಿಪ್ಪುನೇರಳೆ ಗಿಡ. ಹದಿನಾರನೇ ದಿನಕ್ಕೆ ಅದು ಬೋಳಾಗಿತ್ತು.

ಹದಿನೇಳನೇ ದಿನ 200 ಹುಳು ಎಣಿಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮೇಲೆ ತೊಳೆದ ಸೊಪ್ಪು ಹರಡಿ, ಮುಚ್ಚಳ ಬಿಗಿದು ಫ್ರಿಜ್‌ಗೆ ಇಟ್ಟ. ತಣ್ಣಗಿದ್ದರೆ ಬೆಳವಣಿಗೆ ನಿಧಾನ ಆಗುತ್ತೆ ಅಂತ ಎಲ್ಲೋ ಕೇಳಿದ್ದನಂತೆ. ಕೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ತಂಪು ಕೋಣೆಯದು, ನಾಲ್ಕು ಡಿಗ್ರಿ ಫ್ರಿಜ್‌ದಲ್ಲ.

ಡಬ್ಬಿ ತೆರೆದಾಗ

ಮಾರನೇ ದಿನ ಬೆಳಗ್ಗೆ ಹೋಗಿ ಡಬ್ಬಿ ತೆರೆದೆ. ಮುಚ್ಚಳದ ಒಳಗೆ ನೀರಿನ ಹನಿ ಸಾಲಾಗಿ ನಿಂತಿದ್ದವು. ಅಡಿಯಲ್ಲಿ ಹಿಕ್ಕೆ ಮತ್ತು ಸೊಪ್ಪು ಸೇರಿ ಕೆಸರು. ಒಂದು ಹುಳುವನ್ನು ಬೆರಳ ಮೇಲೆ ಎತ್ತಿಕೊಂಡೆ. ಆರೋಗ್ಯವಾಗಿದ್ದರೆ ಅದರ ಪುಟ್ಟ ಕಾಲುಗಳು ಬೆರಳನ್ನು ಬಿಗಿಯಾಗಿ ಹಿಡಿಯುತ್ತವೆ, ಬಿಡಿಸೋಕೇ ಕಷ್ಟ. ಇದು ಒದ್ದೆ ದಾರದ ಹಾಗೆ ಎರಡೂ ಕಡೆ ಜೋತುಬಿತ್ತು. ಬಾಯಿಂದ ಕಂದು ನೀರು. ಹಿಕ್ಕೆ ಕಾಳು ಕಾಳಾಗಿ ಬೀಳುವ ಬದಲು ಸರದ ಹಾಗೆ ಅಂಟಿಕೊಂಡಿತ್ತು. ವಾಸನೆ ಬೇರೆ.

ಏನಿರಬಹುದು ಅಂತ ಒಂದೊಂದೇ ತಳ್ಳಿಹಾಕಿದೆ. ಹಾಲು ರೋಗ ಆಗಿದ್ದರೆ ಗಂಟು ಗಂಟಿನಲ್ಲಿ ಊದಿ, ಚರ್ಮ ಹೊಳೆದು, ಚುಚ್ಚಿದರೆ ಹಾಲಿನಂಥ ದ್ರವ ಬರುತ್ತೆ. ಬರಲಿಲ್ಲ. ಸುಣ್ಣಕಟ್ಟು ರೋಗವಾದರೆ ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುತ್ತೆ. ಇಲ್ಲಿ ಸತ್ತವು ಕಪ್ಪಾಗಿ ಕರಗುತ್ತಿದ್ದವು. ಕೀಟನಾಶಕ ಅಂದುಕೊಳ್ಳೋಣ ಅಂದರೆ ಅದೇ ಗಿಡದ ಸೊಪ್ಪು ತಿಂದು ಹೊರಗಿದ್ದ ಹುಳು ಗಟ್ಟಿಮುಟ್ಟಾಗಿದ್ದವು. ಅಂದ ಹಾಗೆ, ಸೊಳ್ಳೆ ಓಡಿಸುವ ಯಂತ್ರ, ಬತ್ತಿ, ನಾಯಿಯ ಉಣ್ಣಿಗೆ ಹಾಕುವ ಔಷಧಿ, ಇವುಗಳಲ್ಲಿರುವ ಪೈರೆಥ್ರಾಯ್ಡ್ ಅನ್ನೋ ಕೀಟನಾಶಕ ರೇಷ್ಮೆ ಹುಳುವಿಗೆ ಯಮ. ಅದನ್ನೂ ಕೇಳಿದೆ, ಮನೆಯಲ್ಲಿ ಇರಲಿಲ್ಲ.

ಉಳಿದದ್ದು ಸಪ್ಪೆ ರೋಗ. ಹೊಟ್ಟೆ ತುಂಬಾ ಸೊಪ್ಪಿದ್ದಾಗಲೇ ಹುಳು ತಣ್ಣಗಾಗಿ ಜೀರ್ಣ ನಿಂತಿದೆ. ಮೇಲಿಂದ ಒದ್ದೆ ಸೊಪ್ಪು, ಗಾಳಿಯಾಡದ ಡಬ್ಬಿ, ಒಂದರ ಮೇಲೊಂದು ಹುಳು. ಕರುಳಿನ ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? 200ರಲ್ಲಿ ನೆಟ್ಟಗೆ ಕಾಣುತ್ತಿದ್ದದ್ದು 23. ಅವನ್ನಾದರೂ ಗುಂಡನಿಗೆ ಕೊಡೋಣ ಅಂದ. ನಾನು ಬಿಡಲಿಲ್ಲ, ಎಲ್ಲವನ್ನೂ ಸುಟ್ಟೆವು. ರೋಗ ಬಂದ ತಟ್ಟೆಯ ಹುಳು ನೋಡಲು ಎಷ್ಟೇ ಚೆನ್ನಾಗಿದ್ದರೂ ಹಲ್ಲಿಯ ಬಾಯಿಗೆ ಹೋಗಬಾರದು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿಯೇ.

ಹೊರಗಿದ್ದ 110 ಹುಳುವನ್ನು ಹೊಸ ಕಾಗದಕ್ಕೆ ದಾಟಿಸಿದೆವು. ಹಳೆ ತಟ್ಟೆಗಳನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆದು ಬಿಸಿಲಿಗಿಟ್ಟೆವು. ರೇಷ್ಮೆ ಸಾಕುವವರು ಹುಳುವಿನ ಮೇಲೇ ಉದುರಿಸುವ ಪುಡಿಗಳಿವೆ. ಹಲ್ಲಿಗೆ ಕೊಡುವ ಹುಳುವಿಗೆ ಅವು ಬೇಡ. ಸೊಪ್ಪು ತೊಳೆದರೆ ಬಟ್ಟೆಯ ಮೇಲೆ ಪೂರ್ತಿ ಆರಿಸಿಯೇ ಹಾಕು, ದಿನಾ ಕಸ ತೆಗಿ ಅಂತ ಹೇಳಿ ಬಂದೆ. ಸೊಪ್ಪಿಗೆ ಇನ್ನೊಬ್ಬರ ಮರವನ್ನು ಅವನೇ ಹುಡುಕಿಕೊಂಡ.

ಕಪ್ಪಾದ ಮೊಟ್ಟೆ

ಆ 110ರಲ್ಲಿ 35 ಗುಂಡನ ಹೊಟ್ಟೆಗೆ ಹೋದವು. ಮೂರು ಸತ್ತವು, 72 ಗೂಡು ಕಟ್ಟಿದವು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆ ಇಲ್ಲದಿದ್ದಕ್ಕೆ ಕೋಳಿಮೊಟ್ಟೆಯ ರಟ್ಟಿನ ಟ್ರೇ ಇಟ್ಟಿದ್ದ, ಹುಳು ಗುಳಿ ಗುಳಿಯಲ್ಲಿ ಕೂತು ಚೆನ್ನಾಗೇ ಕಟ್ಟಿದವು. ಎರಡು ವಾರಕ್ಕೆ ಚಿಟ್ಟೆ ಹೊರಬಂದವು.

ಗಂಡು ಹೆಣ್ಣು ಗುರುತಿಸೋದು ಸುಲಭ. ಹೆಣ್ಣು ಊದಿದ ಹೊಟ್ಟೆ ಹೊತ್ತು ಕೂತಲ್ಲೇ ಕೂತಿರುತ್ತೆ. ಹೊಟ್ಟೆಯ ತುದಿಯಿಂದ ವಾಸನೆ ಬಿಡುತ್ತೆ. ಗಂಡು ರೆಕ್ಕೆ ಪಟಪಟ ಬಡಿಯುತ್ತಾ ಸುತ್ತು ಹೊಡೆದು ಅಲ್ಲಿಗೇ ಬರುತ್ತೆ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಈ ವಾಸನೆಯ ವಸ್ತುವನ್ನು ಬೇರ್ಪಡಿಸಿ ಬಾಂಬಿಕಾಲ್ ಅಂತ ಹೆಸರಿಟ್ಟರು. ಕೀಟಗಳ ಇಂಥ ವಾಸನೆಯ ರಾಸಾಯನಿಕ ಗುರುತು ಸಿಕ್ಕ ಮೊದಲ ಸಲ ಅದು. ಅದಕ್ಕೆ ಬೇಕಾದದ್ದು ಸುಮಾರು ಐದು ಲಕ್ಷ ಚಿಟ್ಟೆ. ನಮ್ಮ ಹುಡುಗನ ರಟ್ಟಿನ ಪೆಟ್ಟಿಗೆಯಲ್ಲಿ ಅಷ್ಟೆಲ್ಲ ಇರಲಿಲ್ಲ, ಹನ್ನೆರಡು ಜೋಡಿ ಕೂಡಿಸಿದ. ಕೆಲವು ಗಂಡು ಚಿಟ್ಟೆ ಗುಂಡನಿಗೂ ಸಿಕ್ಕವು. ರೆಕ್ಕೆ ಬಡಿತ ಕಂಡರೆ ಅದು ಗಾಜಿಗೆ ಮೂಗು ಒತ್ತಿ ನಿಲ್ಲುತ್ತೆ.

ಒಂದು ಹೆಣ್ಣು 400ರಿಂದ 500 ಮೊಟ್ಟೆ ಇಡುತ್ತೆ. ಹನ್ನೆರಡು ಹೆಣ್ಣಿನ ಲೆಕ್ಕ ನೀವೇ ಹಾಕಿ. ಅವನು ಹಾಕಿರಲಿಲ್ಲ. ಹಾಕುವ ಪ್ರಸಂಗವೂ ಬರಲಿಲ್ಲ, ಯಾಕೆಂದರೆ ಒಂದೂ ಒಡೆಯಲಿಲ್ಲ.

ಅವನ ನೋಟ್‌ಬುಕ್ಕಿನಲ್ಲಿ ಹೀಗಿದೆ. ಮೊದಲ ದಿನ: ತಿಳಿ ಹಳದಿ. ಎರಡನೇ ದಿನ: ಕಂದುಗೆಂಪು. ನಾಲ್ಕನೇ ದಿನ: ಬೂದು, ಸ್ವಲ್ಪ ನೇರಳೆ ಛಾಯೆ, "ಕೊಳೀತಿವೆ ಅನ್ಸುತ್ತೆ". ಹನ್ನೆರಡನೇ ದಿನ: ಏನಿಲ್ಲ. ಇಪ್ಪತ್ತನೇ ದಿನ: ಎಸೆದೆ. ಒಂದು ಹಾಳೆ ಮಾತ್ರ ಹಳದಿಯಾಗೇ ಉಳಿದಿತ್ತು. ಇದೊಂದೇ ಚೆನ್ನಾಗಿದೆ ಅಂತ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

ಅವನು ಇದನ್ನು ನನಗೆ ಹೇಳಿದ್ದು ಎಸೆದು ಎರಡು ವಾರ ಕಳೆದ ಮೇಲೆ, ಬೇರೇನೋ ಮಾತಾಡುವಾಗ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಎಸೆದವೆಲ್ಲ ಜೀವ ಇದ್ದ ಮೊಟ್ಟೆ. ಇಟ್ಟುಕೊಂಡ ಹಳದಿ ಹಾಳೆಯೇ ಟೊಳ್ಳು. ಆ ಹೆಣ್ಣು ಕೂಡಿರಲೇ ಇಲ್ಲ ಅಂತ ಕಾಣುತ್ತೆ. ಆ ಮೊಟ್ಟೆಗಳು ಆಗಲೇ ನಡುವೆ ತಗ್ಗಾಗಿ ಒಣಗಿದ್ದವು. ಮೊಟ್ಟೆ ಮಲಗುತ್ತೆ ಅನ್ನೋದನ್ನು ಅವನಿಗೆ ಹೇಳದೇ ಇದ್ದದ್ದು ನಾನು. ರೋಗದ ಬಗ್ಗೆ ಅರ್ಧ ದಿನ ಪಾಠ ಮಾಡಿದೆ, ಇದನ್ನು ಮರೆತೆ.

ವಿಷಯ ಇಷ್ಟು. ರೇಷ್ಮೆಯಲ್ಲಿ ವರ್ಷಪೂರ್ತಿ ಪೀಳಿಗೆ ಮೇಲೆ ಪೀಳಿಗೆ ನಡೆಸುವ ತಳಿಗಳಿವೆ. ಅವುಗಳ ಮೊಟ್ಟೆ ಹತ್ತು ಹನ್ನೆರಡು ದಿನದಲ್ಲಿ ಒಡೆಯುತ್ತೆ. ಒಡೆಯುವ ಮುಂಚಿನ ದಿನದವರೆಗೂ ಹೆಚ್ಚುಕಮ್ಮಿ ಹಳದಿಯಾಗೇ ಇರುತ್ತೆ. ವರ್ಷಕ್ಕೆ ಎರಡೇ ಪೀಳಿಗೆ ನಡೆಸುವ ದ್ವಿತಳಿಯ ಮೊಟ್ಟೆ ಹಾಗಲ್ಲ. ಇಟ್ಟ ಮೂರ್ನಾಲ್ಕು ದಿನದಲ್ಲಿ ಬೂದು ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತೆ. ಚಳಿಗಾಲ ಕಳೆಯೋಕೆ ಹುಳು ಕಂಡುಕೊಂಡ ದಾರಿ ಅದು. ಸುಮಾರು ಐದು ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಕಳೆಯದೆ ಏಳೋದೇ ಇಲ್ಲ. ಇನ್ನೂ ಸೋಜಿಗ ಅಂದರೆ ಮಲಗಬೇಕೋ ಬೇಡವೋ ಅನ್ನೋದು ಆ ಮೊಟ್ಟೆಯ ಕೈಲಿಲ್ಲ. ಅದರ ತಾಯಿ ತಾನು ಮೊಟ್ಟೆಯಾಗಿದ್ದಾಗ ಬೆಚ್ಚಗೆ ಬೆಳಕಿನಲ್ಲಿ ಇದ್ದಿದ್ದರೆ ಅವಳು ಇಡುವ ಮೊಟ್ಟೆ ಮಲಗುತ್ತೆ. 15 ಡಿಗ್ರಿಯ ತಂಪಿನಲ್ಲಿ, ಕತ್ತಲಲ್ಲಿ ಇದ್ದಿದ್ದರೆ ಮಲಗಲ್ಲ. ಅಂದರೆ ಹುಡುಗ ಮೊದಲ 500 ಮೊಟ್ಟೆಯನ್ನು 25 ಡಿಗ್ರಿಗೆ ಇಟ್ಟ ದಿನವೇ ಇದೆಲ್ಲ ತೀರ್ಮಾನ ಆಗಿಹೋಗಿತ್ತು.

ಎಬ್ಬಿಸೋಕೆ ಅಡ್ಡದಾರಿ ಇದೆ. ಮೊಟ್ಟೆ ಇಟ್ಟು ಒಂದು ದಿನ ತುಂಬುವುದರೊಳಗೆ 46 ಡಿಗ್ರಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದುತ್ತಾರೆ. ಮೊಟ್ಟೆ ತಯಾರಿಸುವ ಕೇಂದ್ರಗಳ ಕೆಲಸ ಅದು. ಮನೆಯಲ್ಲಿ ಬಿಸಿ ಆಮ್ಲದ ಸಹವಾಸ ಬೇಡ.

ಕ್ಯಾಲೆಂಡರ್ ಹಾಳೆ

"ಒಂದೂ ಉಳಿದಿಲ್ವೇನೋ, ಸರಿಯಾಗಿ ಹುಡುಕು" ಅಂದೆ. ಪೆಟ್ಟಿಗೆಯ ಅಡಿಗೆ ಹಾಸಿದ್ದ ಹಳೆ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಯಾವುದೋ ಒಂದು ಹೆಣ್ಣು ತೆವಳಿಕೊಂಡು ಹೋಗಿ ಮೊಟ್ಟೆ ಇಟ್ಟಿತ್ತು. ಫೋಟೋ ತೆಗೆದು ಎಣಿಸಿದೆವು, 400ಕ್ಕೆ ಎರಡು ಕಮ್ಮಿ. ಎಲ್ಲಾ ಬೂದು, ಉಬ್ಬಿ ಹೊಳೆಯುತ್ತಿದ್ದವು. ಕೋಣೆಯ ಬಿಸಿಯಲ್ಲೇ ಐದು ವಾರ ಕಳೆದಿದ್ದವು. ಅದೂ ಒಳ್ಳೆಯದೇ ಆಯಿತು, ತಣ್ಣಗಿಡುವ ಮುಂಚೆ ಒಂದಿಷ್ಟು ವಾರ ಬೆಚ್ಚಗಿರಬೇಕು.

ಈ ಸಲ ಫ್ರಿಜ್‌ನಲ್ಲಿ ಥರ್ಮಾಮೀಟರ್ ಇಟ್ಟು, ಐದು ಡಿಗ್ರಿ ಇರುವ ಮೂಲೆ ಹುಡುಕಿದೆವು. ಹಾಳೆಯನ್ನು ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟೆವು. ವಾರಕ್ಕೊಮ್ಮೆ ತೆರೆದು ಹನಿ ಕಟ್ಟಿದೆಯಾ ಅಂತ ನೋಡುವುದು ಅವನ ಕೆಲಸ.

ಇಲ್ಲೇ ನನಗೆ ಹೊಳೆದದ್ದು. ಹುಳುವನ್ನು ತಡೆದು ನಿಲ್ಲಿಸೋಕೆ ಹೋಗಿ 200 ಕೊಂದೆವು. ಮೊಟ್ಟೆ ತಾನಾಗೇ ನಿಲ್ಲುತ್ತೆ. ಹಾಗಾದರೆ ನಿಲ್ಲಿಸಬೇಕಾದ ಜಾಗ ಇದೇ ಅಲ್ವಾ? ರೇಷ್ಮೆ ಬೆಳೆಯುವವರಿಗೆ ಎಲ್ಲಾ ಹುಳು ಒಂದೇ ದಿನ ಹಣ್ಣಾಗಬೇಕು. ಅವರ ಪದ್ಧತಿಯೆಲ್ಲ ಅದಕ್ಕಾಗೇ ಇರೋದು. ಹಲ್ಲಿ ಸಾಕುವವರಿಗೆ ಬೇಕಾದದ್ದು ಅದರ ತದ್ವಿರುದ್ಧ, ಯಾವಾಗಲೂ ಸ್ವಲ್ಪ ಸ್ವಲ್ಪ.

75ನೇ ದಿನ ಹಾಳೆಯನ್ನು ಕತ್ತರಿಯಿಂದ 40 ಮೊಟ್ಟೆಯ ಹತ್ತು ತುಂಡು ಮಾಡಿದೆವು. ಒಂದು ತುಂಡು ಹೊರಗೆ, ಒಂಬತ್ತು ವಾಪಸ್ ಫ್ರಿಜ್‌ಗೆ. ಹತ್ತು ದಿನಕ್ಕೊಂದು ತುಂಡು ತೆಗೆಯೋದು ಅಂತ ಇಟ್ಟುಕೊಂಡೆವು. 40 ಸಾಕಾ ಅಂತ ಅವನಿಗೆ ಅನುಮಾನ. ಗುಂಡನಿಗೆ ಆಗ ಹತ್ತು ತಿಂಗಳು ದಾಟಿತ್ತು, ಹುಳ ಎರಡು ದಿನಕ್ಕೊಮ್ಮೆ ಸಾಕಿತ್ತು, ಸೊಪ್ಪೇ ಮುಖ್ಯ ಊಟ. ಬಾಯಿಯೂ ದೊಡ್ಡದಾಗಿದ್ದರಿಂದ ನಾಲ್ಕನೇ ಜ್ವರ ಕಳೆದ ದಪ್ಪ ಹುಳುವನ್ನೇ ಸಲೀಸಾಗಿ ನುಂಗುತ್ತಿತ್ತು.

ಹನ್ನೊಂದನೇ ದಿನ ಬೆಳಗ್ಗೆ ಫೋಟೋ ಕಳಿಸಿದ. ಕ್ಯಾಲೆಂಡರಿನ ಒಂದು ಭಾನುವಾರದ ಕೆಂಪು ಅಂಕಿಯ ಮೇಲೆ ಕಪ್ಪು ಮರಿಗಳು. 40ರಲ್ಲಿ 33. ಮುಂದಿನ ಆರು ತುಂಡುಗಳಲ್ಲೂ 30ರ ಆಸುಪಾಸು ಬಂದವು. ಆಮೇಲೆ ಇಳಿಯುತ್ತಾ ಹೋಯಿತು, ಹತ್ತನೆಯದರಲ್ಲಿ ಬರೀ 9. ಅಷ್ಟು ಕಾಲ ಫ್ರಿಜ್‌ನಲ್ಲಿದ್ದರೆ ಒಳಗಿನ ಭ್ರೂಣ ಸೋಲುತ್ತೆ. ಮೂರು ನಾಲ್ಕು ತಿಂಗಳೊಳಗೆ ಮುಗಿಸುವಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಯಾವ ಹಂತದಲ್ಲೂ ಮೂರು ಸಣ್ಣ ಡಬ್ಬಿಗಿಂತ ಜಾಸ್ತಿ ಇರಲಿಲ್ಲ. ಗಿಡವೂ ಬೋಳಾಗಲಿಲ್ಲ.

ತಾಯಿ ಆರಿಸುವ ಬಗ್ಗೆ

ಸಾಕಣೆ ಮುಂದುವರಿಸುವವರಿಗೆ ಇದೊಂದು ಹೇಳಬೇಕು. ಮಾರಾಟಕ್ಕೆ ಬರುವ ಮೊಟ್ಟೆ ಸಾಮಾನ್ಯವಾಗಿ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ಅದರ ಮಕ್ಕಳಲ್ಲಿ ಗಾತ್ರ ಏರುಪೇರು. ನಮ್ಮ ಎರಡನೇ ಸಾಕಣೆಯಲ್ಲಿ ಒಂದೇ ತುಂಡಿನ ಹುಳು ಎರಡು ಮೂರು ದಿನ ಹಿಂದೆ ಮುಂದೆ ಬೆಳೆದವು. ರೇಷ್ಮೆಯವರಿಗೆ ಇದು ತಲೆನೋವು, ನಮಗೆ ಲಾಭ. ಆದರೆ ಒಂದೇ ತಾಯಿಯ ಮಕ್ಕಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಹುಳು ಸೊರಗುತ್ತೆ. ಅದಕ್ಕೆ ಈ ಸಲ ಬೇರೆ ಮೊಟ್ಟೆ ತರಿಸಿ ಗಂಡು ಅದರಿಂದ ತೆಗೆದುಕೊಂಡೆವು.

ಎರಡನೆಯ ಭಯ ಗಂಟು ರೋಗ, ಅಂದರೆ ಪೆಬ್ರಿನ್. ಹುಳುವಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ ಬರೋದರಿಂದ ಆ ಹೆಸರು. ಇದು ತಾಯಿಯಿಂದ ಮೊಟ್ಟೆಯೊಳಗೇ ಹೋಗುತ್ತೆ. 1865ರಿಂದ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಕೂತು ಹೊರತೆಗೆದ ಉಪಾಯ ಇವತ್ತಿಗೂ ನಡೆಯುತ್ತಿದೆ: ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಅದರ ಮೊಟ್ಟೆ ಎಲ್ಲಾ ಸುಡು. ನಮ್ಮ ಹತ್ತಿರ ಸೂಕ್ಷ್ಮದರ್ಶಕ ಇಲ್ಲ. ಅದಕ್ಕೆ ಒಂದೊಂದು ತಾಯಿಗೆ ಒಂದೊಂದು ಹಾಳೆ, ಹಾಳೆಗೊಂದು ನಂಬರ್. ಯಾವ ನಂಬರಿನ ಮರಿ ಕುಂಟುತ್ತಾ ಬೆಳೆಯುತ್ತದೋ, ಚುಕ್ಕೆ ತೋರಿಸುತ್ತದೋ, ಆ ನಂಬರಿನ ಹಾಳೆ ಪೂರ್ತಿ ಒಲೆಗೆ.

ಈಗ ಫ್ರಿಜ್‌ನ ಆ ಮೂಲೆಯಲ್ಲಿ ನಂಬರ್ ಹಾಕಿದ ಮೂರು ಹಾಳೆ ಇವೆ. ಮೊನ್ನೆ ಹೋದಾಗ ಮೊದಲ ತುಂಡು ತೆಗೆಯೋಣ್ವಾ ಅಂತ ಕೇಳಿದೆ. ಹುಡುಗ ಎದ್ದು ಹೋಗಿ ಕಿಟಕಿಯಿಂದ ಗಿಡ ನೋಡಿದ. "ಇನ್ನೊಂದು ವಾರ ಬಿಡಿ ಚಿಕ್ಕಮ್ಮ, ಚಿಗುರು ಸಾಲದು" ಅಂದ.